ಮಂಗ ಹೂವಿಗೇಕೆ ಹೆದರಲಿಲ್ಲ?

(ಒಂದು ಸಂಜೆಯ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಅವತ್ತು ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಕೆಲವು ಕಡೆ ಮಾತು ಸ್ವಲ್ಪ ಉದ್ದವಾಗಿದೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ಗಾದೆಗಳಿಂದ ಶುರು ಮಾಡುತ್ತೇನೆ. "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುತ್ತೇವೆ. ಅದೇ ಬಾಯಲ್ಲಿ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತಲೂ ಅನ್ನುತ್ತೇವೆ. ಏನು ಮಾಡಿದರೂ ಬಗ್ಗುವುದಿಲ್ಲ ಅಂತ ಒಂದು ಗಾದೆ, ಬಗ್ಗುತ್ತದೆ ಆದರೆ ಬೇಗ ಬಗ್ಗಿಸು ಅಂತ ಇನ್ನೊಂದು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ನಾವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಮಗು ಹಟ ಮಾಡಿದರೆ ಮೊದಲನೇ ಗಾದೆ, ಪಕ್ಕದ ಮನೆ ಮಗು ಹಟ ಮಾಡಿದರೆ ಎರಡನೇ ಗಾದೆ.

ನನ್ನದೇ ವಿಷಯ ಹೇಳುತ್ತೇನೆ. ಯೋಚನೆಯಲ್ಲಿ ಮುಳುಗಿ ನಡೆಯುವಾಗ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ನಮ್ಮಪ್ಪನೂ ಹಾಗೇ ನಡೆಯುತ್ತಿದ್ದರು. ನೋಡಿದವರು "ಥೇಟ್ ಅಪ್ಪನ ಹಾಗೇ, ರಕ್ತದಲ್ಲೇ ಬಂದಿದೆ" ಅನ್ನುತ್ತಾರೆ. ರಕ್ತದಲ್ಲಿ ಬಂತೋ, ವರ್ಷಗಟ್ಟಲೆ ಅವರ ಹಿಂದೆ ಹಿಂದೆ ನಡೆದು ಬಂತೋ? ನನ್ನೊಬ್ಬನನ್ನು ಎಷ್ಟು ದಿಟ್ಟಿಸಿ ನೋಡಿದರೂ ಇದಕ್ಕೆ ಉತ್ತರ ಸಿಗುವುದಿಲ್ಲ. ಯಾಕೆಂದರೆ ಜೀನ್ ಕೊಟ್ಟವರೂ ಅಪ್ಪ ಅಮ್ಮನೇ, ಬೆಳೆದ ಮನೆ ಕೊಟ್ಟವರೂ ಅವರೇ. ಎರಡನ್ನೂ ಬಿಡಿಸಿ ನೋಡಬೇಕಾದರೆ ರಕ್ತ ಒಬ್ಬರದ್ದು, ಮನೆ ಇನ್ನೊಬ್ಬರದ್ದು ಆಗಿರಬೇಕು.

ಈ ಪ್ರಯೋಗವನ್ನು ಕೋಗಿಲೆ ನಮಗಿಂತ ಎಷ್ಟೋ ಮೊದಲೇ ಮಾಡಿಟ್ಟಿದೆ. ಅದು ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಮರಿಗೆ ಕಾವು ಕೊಟ್ಟಿದ್ದು ಕಾಗೆ, ಗುಟುಕು ಕೊಟ್ಟಿದ್ದು ಕಾಗೆ, ಮೊಟ್ಟೆಯೊಡೆದು ಬಂದಾಗಿನಿಂದ ಕಿವಿಗೆ ಬಿದ್ದಿದ್ದೆಲ್ಲ ಕಾ ಕಾ. ಆದರೂ ಆ ಗಂಡು ಮರಿ ದೊಡ್ಡದಾದ ಮೇಲೆ ಕುಹೂ ಅನ್ನುತ್ತದೆ. ಹಾಡು ಯಾರೂ ಕಲಿಸಿದ್ದಲ್ಲ. ಇಲ್ಲಿ ರಕ್ತ ಗೆದ್ದಿತು, ಅಲ್ವಾ?

ಹಾಗಾದರೆ ಹಕ್ಕಿಯ ಹಾಡೆಲ್ಲ ಹುಟ್ಟಿನಿಂದ ಬರುವುದು ಅಂತ ತೀರ್ಮಾನ ಮಾಡೋಣ ಅಂದರೆ ಒಂದು ಪುಟ್ಟ ಗುಬ್ಬಿ ಅಡ್ಡ ಬರುತ್ತದೆ. ಅಮೆರಿಕದಲ್ಲಿ ತಲೆ ಮೇಲೆ ಬಿಳಿ ಪಟ್ಟೆ ಇರುವ ಒಂದು ಗುಬ್ಬಿ ಜಾತಿ ಇದೆ. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ ಇದರ ಹಾಡಿನ ಹಿಂದೆ ಬಹಳ ವರ್ಷ ಬಿದ್ದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒಂದು ದಡದ ಗುಬ್ಬಿಗಳಿಗೆ ಒಂದು ಧಾಟಿ, ಇನ್ನೊಂದು ದಡದವಕ್ಕೆ ಬೇರೆ ಧಾಟಿ. ಜಾತಿ ಒಂದೇ, ಮಾತಿನ ಶೈಲಿ ಬೇರೆ. ಮರಿಗಳನ್ನು ತಂದು, ಬೇರೆ ಯಾವ ಹಕ್ಕಿಯ ದನಿಯೂ ಕೇಳದ ಹಾಗೆ ಒಂಟಿಯಾಗಿ ಸಾಕಿದಾಗ, ಅವು ದೊಡ್ಡವಾಗಿ ಏನೋ ಹಾಡಿದವು, ಆದರೆ ಅದು ಪೂರ್ತಿ ಹಾಡಲ್ಲ. ಸಿಳ್ಳೆಯ ತುಣುಕುಗಳು, ಅಷ್ಟೇ. ಮರಿ ಹುಟ್ಟಿ ಸುಮಾರು 10 ದಿನದಿಂದ 50 ದಿನದೊಳಗೆ ತನ್ನ ಜಾತಿಯ ಹಾಡನ್ನು ಕೇಳಿಸಿಕೊಳ್ಳಲೇಬೇಕು. ಆಮೇಲೆ ಧ್ವನಿಮುದ್ರಿಕೆ ಹಾಕಿ ಎಷ್ಟು ಕೇಳಿಸಿದರೂ ತಲೆಗೆ ಹೋಗಲಿಲ್ಲ.

ಸರಿ, ಹಾಗಾದರೆ ಇದು ಕಲಿತ ಹಾಡು. ಬೇರೆ ಗುಬ್ಬಿ ಜಾತಿಯ ಹಾಡನ್ನೇ ಆ 40 ದಿನ ಕೇಳಿಸಿದರೆ? ಮಾರ್ಲರ್ ಅದನ್ನೂ ಮಾಡಿ ನೋಡಿದರು. ಮರಿ ಅದನ್ನು ಕಲಿಯಲಿಲ್ಲ. ಎರಡೂ ಹಾಡನ್ನು ಬೆರೆಸಿ ಕೇಳಿಸಿದರೆ ತನ್ನ ಜಾತಿಯದ್ದನ್ನು ಮಾತ್ರ ಆರಿಸಿಕೊಂಡಿತು. ಇನ್ನೂ ಹಾಡಲೇ ಬಾರದ ಮರಿಗೆ, ಯಾವ ಹಾಡು ಕಲಿಯಬೇಕು ಅಂತ ಮೊದಲೇ ಗೊತ್ತು. ಹಾಡು ಕಲಿತದ್ದು, ಆದರೆ ಹಾಡಿನ ಆಯ್ಕೆ ಹುಟ್ಟಿನಿಂದ ಬಂದದ್ದು.

ಇನ್ನೊಂದು ವಿಚಿತ್ರ ಇದೆ. ಹಾಡು ಕೇಳಿಸಿಕೊಂಡ ಮರಿ ತಕ್ಷಣ ಹಾಡುವುದಿಲ್ಲ. ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಆಮೇಲೆ ತೊದಲಲು ಶುರು ಮಾಡಿ, ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತಾ, ನೆನಪಿನಲ್ಲಿರುವ ಹಾಡಿಗೆ ಹೊಂದಿಸಿಕೊಳ್ಳುತ್ತಾ ಹೋಗುತ್ತದೆ. 1965ರಲ್ಲಿ ಮಸಾಕಜು ಕೊನಿಶಿ ತೋರಿಸಿದ್ದು ಇದನ್ನೇ. ಹಾಡು ಕೇಳಿಸಿಕೊಂಡ ಮೇಲೆ, ಹಾಡಲು ಶುರು ಮಾಡುವ ಮೊದಲು ಕಿವಿ ಕಳೆದುಕೊಂಡ ಹಕ್ಕಿಗೆ ಸರಿಯಾಗಿ ಹಾಡಲು ಬರಲೇ ಇಲ್ಲ. ತಲೆಯೊಳಗೆ ಹಾಡು ಇತ್ತು. ತಾನು ಹಾಡುತ್ತಿರುವುದು ಅದೇನಾ ಅಂತ ತಿಳಿಯುವ ದಾರಿ ಇರಲಿಲ್ಲ.

ನಾವು ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದನ್ನು ಒಂದು ಡಬ್ಬಿಗೆ, ಕಲಿತದ್ದನ್ನು ಇನ್ನೊಂದು ಡಬ್ಬಿಗೆ ಹಾಕುತ್ತೇವೆ. ಶಾಲೆಯ ಪಾಠದಲ್ಲೂ ಹಾಗೇ ಇರುತ್ತದೆ. ಕಣ್ಣಿನ ಬಣ್ಣ ಈ ಕಡೆ, ಸೈಕಲ್ ಹೊಡೆಯುವುದು ಆ ಕಡೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ನಡವಳಿಕೆ ಅಂತ ಬಂದಾಗ ಈ ಡಬ್ಬಿಗಳಿಂದ ಕೆಲಸ ನಡೆಯುವುದಿಲ್ಲ. ಏನು ಕಲಿಯಬೇಕು, ಯಾವಾಗ ಕಲಿಯಬೇಕು, ಯಾರಿಂದ ಕಲಿಯಬೇಕು ಅನ್ನುವುದೇ ಎಷ್ಟೋ ಸಲ ಹುಟ್ಟಿನಿಂದ ಬಂದಿರುತ್ತದೆ. ಬಳುವಳಿಯಾಗಿ ಬರುವುದು ಪಾಠವಲ್ಲ, ಪಾಠಕ್ಕೆ ಬಿಟ್ಟ ಜಾಗ. ನಾನು ಇವತ್ತು ಹೇಳಲು ಬಂದಿರುವುದು ಇದೊಂದನ್ನೇ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಮಂಗಗಳದ್ದು. ಕಾಡಿನಲ್ಲಿ ಬೆಳೆದ ರೀಸಸ್ ಮಂಗ ಹಾವನ್ನು ಕಂಡರೆ ಹೌಹಾರುತ್ತದೆ. ಇದನ್ನು ನೋಡಿದ ಯಾರಾದರೂ ಹುಟ್ಟಿನಿಂದ ಬಂದ ಭಯ ಅನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಮಿನೆಕಾ ಮತ್ತು ಅವರ ಜೊತೆಗಾರ ಮೈಕೆಲ್ ಕುಕ್ ಇದನ್ನು ಪರೀಕ್ಷೆ ಮಾಡಿದರು. ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ, ಹಾವನ್ನೇ ನೋಡಿರದ ಮಂಗಗಳ ಮುಂದೆ ಹಾವು ಇಟ್ಟರು. ಅದರಾಚೆಗೆ ತಿಂಡಿ. ಮಂಗಗಳು ಹಾವಿನ ಮೇಲೆ ಕೈ ಚಾಚಿ ಆರಾಮಾಗಿ ತಿಂಡಿ ಎತ್ತಿಕೊಂಡವು. ಭಯ ಇಲ್ಲವೇ ಇಲ್ಲ.

ಆಮೇಲೆ ಇವೇ ಮಂಗಗಳಿಗೆ, ಕಾಡಿನಲ್ಲಿ ಬೆಳೆದ ಮಂಗವೊಂದು ಹಾವು ಕಂಡು ಬೆದರುವುದನ್ನು ತೋರಿಸಿದರು. ಕೆಲವೇ ನಿಮಿಷ. ಅಷ್ಟಕ್ಕೇ ಇವೂ ಹೆದರಲು ಕಲಿತವು. ಮೂರು ತಿಂಗಳ ನಂತರ ಪರೀಕ್ಷೆ ಮಾಡಿದಾಗಲೂ ಆ ಭಯ ಹೋಗಿರಲಿಲ್ಲ. ಅವಕ್ಕೆ ಹಾವು ಕಚ್ಚಿರಲಿಲ್ಲ, ಮುಟ್ಟಿರಲೂ ಇಲ್ಲ. ಇನ್ನೊಬ್ಬರ ಮುಖ ನೋಡಿದ್ದೇ ಪಾಠ.

ಹಾಗಾದರೆ ಭಯ ಕಲಿತದ್ದು. ಇಲ್ಲಿಗೆ ನಿಲ್ಲಿಸಿದ್ದರೆ ಅದೊಂದು ಸಾಧಾರಣ ಪ್ರಯೋಗ ಆಗಿರುತ್ತಿತ್ತು. ಅವರು ಮುಂದಕ್ಕೆ ಮಾಡಿದ್ದು ನೋಡಿ. ಮಂಗ ಬೆದರುವ ವಿಡಿಯೋವನ್ನು ಕತ್ತರಿಸಿ ಜೋಡಿಸಿ, ಅದು ಹಾವಿಗೆ ಬದಲು ಹೂವನ್ನು ಕಂಡು ಬೆದರುವಂತೆ ಮಾಡಿದರು. ಅದೇ ಮಂಗ, ಅದೇ ಚೀರಾಟ, ಅದೇ ಹಿಂದೆ ಸರಿಯುವುದು. ಮುಂದಿರುವ ವಸ್ತು ಮಾತ್ರ ಹೂವು. ಅದನ್ನು ನೋಡಿದ ಮಂಗಗಳು ಹೂವಿಗೆ ಹೆದರಲು ಕಲಿತವೇ? ಇಲ್ಲ. ಇದೇ ಥರ ಆಟಿಕೆಗಳ ವಿಡಿಯೋ ತೋರಿಸಿದಾಗ ಮಂಗಗಳು ಆಟಿಕೆ ಮೊಸಳೆಗೆ ಹೆದರಲು ಕಲಿತವು, ಆಟಿಕೆ ಮೊಲಕ್ಕೆ ಕಲಿಯಲಿಲ್ಲ.

ಈ ಪ್ರಯೋಗ ನನಗೆ ಯಾಕೆ ಇಷ್ಟ ಅಂದರೆ ಇಲ್ಲಿ ಎರಡೂ ಗಾದೆಗಳು ಒಟ್ಟಿಗೆ ಕೂರುತ್ತವೆ. ಹಾವಿನ ಭಯ ಹುಟ್ಟಿನಿಂದ ಬರಲಿಲ್ಲ. ಆದರೆ ಹಾವಿನ ಭಯವನ್ನು ಚಟಕ್ಕನೆ ಕಲಿಯುವ ಗುಣ ಬಂದಿತ್ತು. ಇದರಲ್ಲಿ ಲಾಭವೂ ಇದೆ. ಕಚ್ಚಿಸಿಕೊಂಡು ಕಲಿಯುವ ಪಾಠ ಒಂದೇ ಸಲ, ಆಮೇಲೆ ಕಲಿಯಲು ಮಂಗವೇ ಇರುವುದಿಲ್ಲ. ಹಾಗಂತ ಕಂಡಕಂಡದ್ದಕ್ಕೆಲ್ಲ ಹೆದರಿದರೆ ಹೊಟ್ಟೆ ತುಂಬುವುದಿಲ್ಲ.

ಹಕ್ಕಿಗಳ ವಲಸೆಯಲ್ಲೂ ಇಂಥದ್ದೇ ಒಂದು ಕಥೆ ಇದೆ. 1958ರಲ್ಲಿ ಪರ್ಡೆಕ್ ಎಂಬ ಡಚ್ ವಿಜ್ಞಾನಿ ಪ್ರಕಟಿಸಿದ್ದು. ನಮ್ಮ ಮೈನಾಕ್ಕೆ ನೆಂಟನಾದ ಸ್ಟಾರ್ಲಿಂಗ್ ಎಂಬ ಹಕ್ಕಿ ಚಳಿಗಾಲಕ್ಕೆ ನೆದರ್ಲೆಂಡ್ಸ್ ಮೇಲೆ ಹಾದು ಉತ್ತರ ಫ್ರಾನ್ಸ್, ದಕ್ಷಿಣ ಇಂಗ್ಲೆಂಡ್ ಕಡೆ ಹೋಗುತ್ತದೆ. ಹೀಗೆ ಹೊರಟಿದ್ದ 11,000ಕ್ಕೂ ಹೆಚ್ಚು ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ವಲಸೆ ಹೋಗಿ ಅನುಭವ ಇದ್ದ ಹಿರಿಯ ಹಕ್ಕಿಗಳು ದಿಕ್ಕು ಬದಲಿಸಿ ತಮ್ಮ ಹಳೇ ಜಾಗದ ಕಡೆ ಹೋದವು. ಮೊದಲ ಸಲ ಹೊರಟಿದ್ದ ಎಳೆಯ ಹಕ್ಕಿಗಳು ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ನೇರ ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ಸೇರಿದವು. ತಪ್ಪಾದ ಜಾಗ. ಆದರೆ ಮುಂದಿನ ಚಳಿಗಾಲಗಳಲ್ಲಿ ಅವುಗಳಲ್ಲಿ ಕೆಲವು ಅದೇ ತಪ್ಪಾದ ಜಾಗಕ್ಕೆ ಮತ್ತೆ ಹೋದವು! ದಿಕ್ಕು ಅಪ್ಪ ಅಮ್ಮ ಕೊಟ್ಟದ್ದು, ವಿಳಾಸ ತಾವೇ ಬರೆದುಕೊಂಡದ್ದು.

ಬಾತುಗಳ ಬಗ್ಗೆ ನಿಮಗೆ ಗೊತ್ತಿರಬಹುದು. ಮೊಟ್ಟೆಯೊಡೆದು ಬಂದ ತಕ್ಷಣ ಕಣ್ಣೆದುರು ಓಡಾಡುವುದನ್ನೇ ಅಮ್ಮ ಅಂತ ಅಚ್ಚೊತ್ತಿಕೊಳ್ಳುತ್ತವೆ. ಇದನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಹಿಂದೆ ಮರಿಗಳು ಸಾಲಾಗಿ ಹೋಗುವ ಚಿತ್ರ ಬಹಳ ಪ್ರಸಿದ್ಧ. 1973ರಲ್ಲಿ ಅವರಿಗೆ, ನಿಕೊ ಟಿನ್‌ಬರ್ಗೆನ್ ಮತ್ತು ಕಾರ್ಲ್ ಫಾನ್ ಫ್ರಿಶ್ ಜೊತೆಗೆ ನೊಬೆಲ್ ಬಂತು. ಹಿಂದೆ ಹೋಗು ಅನ್ನುವುದು ಹುಟ್ಟಿನಿಂದ ಬಂದದ್ದು, ಯಾರ ಹಿಂದೆ ಅನ್ನುವುದು ಖಾಲಿ ಜಾಗ.

ಇನ್ನು ತಿರುಗಿಸಿ ಕೇಳೋಣ. ಕಲಿತದ್ದು ಹುಟ್ಟುಗುಣ ಆಗುತ್ತದೆಯೇ? ಅಪ್ಪ ವ್ಯಾಯಾಮ ಮಾಡಿ ಬೆಳೆಸಿಕೊಂಡ ತೋಳು ಮಗುವಿಗೆ ಬರುತ್ತದೆಯೇ? 1880ರ ದಶಕದಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ಐದು ತಲೆಮಾರಿನ ಇಲಿಗಳ ಬಾಲ ಕತ್ತರಿಸಿದರು. ಹುಟ್ಟಿದ ಪ್ರತಿ ಮರಿಗೂ ಪೂರ್ತಿ ಬಾಲ ಇತ್ತು. ಪಾಪದ ಇಲಿಗಳು.

ಆದರೆ ಕಲಿತದ್ದು ಮುಂದಿನ ತಲೆಮಾರಿಗೆ ಹೋಗಲು ಜೀನೇ ಬೇಕು ಅಂತೇನಿಲ್ಲ. ಜಪಾನಿನ ಕೋಶಿಮಾ ದ್ವೀಪದಲ್ಲಿ ಸಂಶೋಧಕರು ಮಂಗಗಳಿಗೆ ಸಿಹಿ ಗೆಣಸು ಹಾಕುತ್ತಿದ್ದರು. ಮರಳು ಮೆತ್ತಿದ ಗೆಣಸು. 1953ರಲ್ಲಿ ಒಂದೂವರೆ ವರ್ಷದ ಹೆಣ್ಣು ಮಂಗ, ಅದಕ್ಕೆ ಇಮೊ ಅಂತ ಹೆಸರಿಟ್ಟಿದ್ದರು, ಗೆಣಸನ್ನು ನೀರಿಗೆ ಒಯ್ದು ತೊಳೆದು ತಿಂದಿತು. ಮೊದಲು ಅದರ ಜೊತೆ ಆಡುವ ಮರಿಗಳು ಕಲಿತವು, ಅದರ ತಾಯಿ ಕಲಿತಳು. ಆಮೇಲೆ ತಾಯಂದಿರಿಂದ ಮಕ್ಕಳಿಗೆ ಹರಿದು ಬಂತು. ಇಮೊ ಸತ್ತು ಎಷ್ಟೋ ವರ್ಷವಾದ ಮೇಲೂ ಆ ದ್ವೀಪದಲ್ಲಿ ಗೆಣಸು ತೊಳೆಯುವುದು ನಿಲ್ಲಲಿಲ್ಲ. ಹಿರಿಯ ಗಂಡು ಮಂಗಗಳು ಮಾತ್ರ ಬಹುಪಾಲು ಕಲಿಯಲೇ ಇಲ್ಲ. (ಇಲ್ಲಿ ಸಭೆಯ ಹೆಂಗಸರ ಸಾಲಿನಿಂದ ಜೋರು ನಗು ಬಂತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.)

ಈಗ ಮನುಷ್ಯರಿಗೆ ಬರೋಣ.

ಹುಟ್ಟಿದ ಮಗುವಿನ ಕೆನ್ನೆಗೆ ಬೆರಳು ತಾಗಿಸಿದರೆ ಆ ಕಡೆ ಬಾಯಿ ತಿರುಗಿಸುತ್ತದೆ. ಅಂಗೈಯಲ್ಲಿ ಬೆರಳಿಟ್ಟರೆ ಬಿಗಿಯಾಗಿ ಹಿಡಿಯುತ್ತದೆ. ಕೆಲವು ತಿಂಗಳಲ್ಲಿ ಈ ಹಿಡಿತ ತಾನಾಗಿ ಹೋಗಿ, ಬೇಕಾದ್ದನ್ನು ಬೇಕೆಂದೇ ಹಿಡಿಯುವುದು ಶುರುವಾಗುತ್ತದೆ. ಹುಟ್ಟಿನಿಂದಲೇ ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳೂ ಖುಷಿಯಾದಾಗ ನಗುತ್ತಾರೆ, ನೋವಾದಾಗ ಅಳುತ್ತಾರೆ. ಯಾರ ನಗುವನ್ನೂ ನೋಡದೆ, ಕೇಳದೆ. ನಗು ನಮ್ಮ ಕುಹೂ.

ಮಾತು ಮಾತ್ರ ಹಾಗಲ್ಲ. ಕನ್ನಡ ಮಾತಾಡುವ ನಮಗೆ ತ ಬೇರೆ, ಟ ಬೇರೆ ಅನ್ನುವುದು ಎಷ್ಟು ಸಹಜ! ಇಂಗ್ಲಿಷ್ ಮಾತ್ರ ಗೊತ್ತಿರುವ ದೊಡ್ಡವರಿಗೆ ಈ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಸದ್ದು ಬದಲಾದಾಗ ಮಗು ತಲೆ ತಿರುಗಿಸಿದರೆ ಒಂದು ಆಟಿಕೆ ಬೆಳಗುತ್ತದೆ, ಹಾಗೆ ಅಭ್ಯಾಸ ಮಾಡಿಸಿದ್ದರು. 6ರಿಂದ 8 ತಿಂಗಳ ಮಕ್ಕಳು ತ ಹೋಗಿ ಟ ಬಂದ ಕೂಡಲೇ ತಲೆ ತಿರುಗಿಸಿದವು. ಅಪ್ಪ ಅಮ್ಮನಿಗೆ ಕೇಳಿಸದ ವ್ಯತ್ಯಾಸ ಮಗುವಿಗೆ ಕೇಳಿಸುತ್ತಿತ್ತು. 10ರಿಂದ 12 ತಿಂಗಳಾಗುವ ಹೊತ್ತಿಗೆ ಬಹುತೇಕ ಮಕ್ಕಳು ತಲೆ ತಿರುಗಿಸಲಿಲ್ಲ. ಹಿಂದಿ ಮನೆಗಳ ಮಕ್ಕಳು ಮಾತ್ರ ತಿರುಗಿಸುತ್ತಲೇ ಇದ್ದರು.

ಮನೆ ಮಾತಿಗೆ ಬೇಕಾದ ವ್ಯತ್ಯಾಸಗಳನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡುವುದೂ ಕಲಿಕೆಯೇ. ಇದನ್ನು ನಾನು ಹೇಳಿದಾಗಲೆಲ್ಲ ಯಾರಾದರೂ ಬೇಸರ ಮಾಡಿಕೊಳ್ಳುತ್ತಾರೆ, ಛೇ ಎಷ್ಟೆಲ್ಲ ಕಳೆದುಕೊಂಡೆವು ಅಂತ. ನನಗೆ ಹಾಗನಿಸುವುದಿಲ್ಲ. ಬೇಡದ ಸದ್ದನ್ನೆಲ್ಲ ಲೆಕ್ಕ ಇಡುತ್ತಾ ಕೂತರೆ ಮಾತು ಅರ್ಥವಾಗುವುದು ಯಾವಾಗ?

ಇನ್ನೊಂದು ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. "ವಂಶದಲ್ಲಿ ಬಂದದ್ದು" ಅಂದ ಕೂಡಲೇ "ಹಾಗಾದರೆ ಮುಗೀತು, ಏನೂ ಮಾಡಲಾಗದು" ಅಂತ ಕೈಚೆಲ್ಲುತ್ತೇವಲ್ಲ, ಅದು ತಪ್ಪು. ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಇದೆ. 1934ರಲ್ಲಿ ನಾರ್ವೆಯ ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಇದನ್ನು ಗುರುತಿಸಿದರು. ಪೂರ್ತಿಯಾಗಿ ಜೀನ್‌ನಿಂದ ಬರುವಂಥದ್ದು. ಪ್ರೋಟೀನಿನಲ್ಲಿರುವ ಫಿನೈಲಲನೈನ್ ಎಂಬ ಅಂಶವನ್ನು ದೇಹ ಕರಗಿಸಲಾರದು. ಅದು ತುಂಬಿಕೊಂಡು ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಈಗ ಹಲವು ದೇಶಗಳಲ್ಲಿ ಹುಟ್ಟಿದ ಕೆಲವೇ ದಿನದಲ್ಲಿ ಮಗುವಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ಕಾಯಿಲೆ ಇದ್ದರೆ ಆ ಅಂಶ ಬಹಳ ಕಡಿಮೆ ಇರುವ ಪಥ್ಯ. ಬೇಗ ಶುರು ಮಾಡಿ ಬಿಡದೆ ಪಾಲಿಸಿದರೆ ಆ ಮಗುವಿನ ಬುದ್ಧಿ ಎಲ್ಲರ ಹಾಗೇ ಬೆಳೆಯುತ್ತದೆ. ಜೀನ್ ಬದಲಾಗಲಿಲ್ಲ. ತಟ್ಟೆ ಬದಲಾಯಿತು.

ಇದಕ್ಕೆ ಪಕ್ಕದಲ್ಲೇ ಇಲಿಗಳ ಒಂದು ಕಥೆ ಇಡಬೇಕು. ರಾಬರ್ಟ್ ಟ್ರಯಾನ್ ಎಂಬವರು ದಾರಿ ಸಿಕ್ಕುಸಿಕ್ಕಾಗಿರುವ ಗೂಡಿನಲ್ಲಿ ಇಲಿಗಳನ್ನು ಓಡಿಸಿ, ಚೆನ್ನಾಗಿ ಓಡಿದವನ್ನು ಅಂಥವುಗಳ ಜೊತೆ, ಪದೇ ಪದೇ ತಪ್ಪಿದವನ್ನು ಅಂಥವುಗಳ ಜೊತೆ ಕೂಡಿಸಿ, ಹಲವು ತಲೆಮಾರಿನಲ್ಲಿ ಎರಡು ತಳಿ ಮಾಡಿದರು. ಜಾಣ ಇಲಿ, ದಡ್ಡ ಇಲಿ. ವ್ಯತ್ಯಾಸ ಸ್ಪಷ್ಟವಾಗಿತ್ತು, ವಂಶದಿಂದಲೇ ಬಂದಿತ್ತು. 1958ರಲ್ಲಿ ಕೆನಡಾದ ಕೂಪರ್ ಮತ್ತು ಜುಬೆಕ್ ಇಂಥ ಎರಡು ತಳಿಗಳ ಮರಿಗಳನ್ನು ಬೇರೆ ಬೇರೆ ಥರ ಸಾಕಿದರು. ಆಟದ ಸಾಮಾನು, ಏಣಿ, ಸುರಂಗ ಎಲ್ಲ ಇರುವ ಗೂಡಿನಲ್ಲಿ ಬೆಳೆದ ದಡ್ಡರು ಹೆಚ್ಚುಕಡಿಮೆ ಜಾಣರಷ್ಟೇ ಚೆನ್ನಾಗಿ ಓಡಿದರು. ಏನೂ ಇಲ್ಲದ ಬೋಳು ಗೂಡಿನಲ್ಲಿ ಬೆಳೆದ ಜಾಣರು ದಡ್ಡರಷ್ಟೇ ತಪ್ಪು ಮಾಡಿದರು. ಸಾಮಾನ್ಯ ಗೂಡಿನಲ್ಲಿ ಮಾತ್ರ ಆ ವಂಶದ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಕೆಲವು ವರ್ಷದ ನಂತರ, 1963ರಲ್ಲಿ, ರಾಬರ್ಟ್ ರೋಸೆಂಥಾಲ್ ಮತ್ತು ಕರ್ಮಿಟ್ ಫೋಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾಮೂಲಿ ಇಲಿಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಕೆಲವರಿಗೆ "ನಿಮ್ಮದು ಜಾಣ ತಳಿ", ಉಳಿದವರಿಗೆ "ನಿಮ್ಮದು ದಡ್ಡ ತಳಿ" ಅಂತ ಸುಳ್ಳು ಹೇಳಿದರು. ಜಾಣ ಅನಿಸಿಕೊಂಡ ಇಲಿಗಳು ನಿಜಕ್ಕೂ ಚೆನ್ನಾಗಿ ಓಡಿದವು. ಆ ವಿದ್ಯಾರ್ಥಿಗಳು ತಮ್ಮ ಇಲಿಗಳನ್ನು ಹೆಚ್ಚು ಮೃದುವಾಗಿ ಎತ್ತಿಕೊಳ್ಳುತ್ತಿದ್ದರು, ಹೆಚ್ಚು ಇಷ್ಟಪಡುತ್ತಿದ್ದರು. ಇಲಿಗಳಿಗೆ ತಮ್ಮ ವಂಶದ ಹೆಸರು ಗೊತ್ತಿರಲಿಲ್ಲ. ಹಿಡಿದ ಕೈಗೆ ಗೊತ್ತಿತ್ತು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದರು. "ಸರ್, ಸುತ್ತಿ ಬಳಸಿ ಬೇಡ. ಮನುಷ್ಯನ ಬುದ್ಧಿಯಲ್ಲಿ ಎಷ್ಟು ಪರ್ಸೆಂಟ್ ರಕ್ತ, ಎಷ್ಟು ಪರ್ಸೆಂಟ್ ಬೆಳೆಸಿದ ರೀತಿ? ಅಂದಾಜಾದರೂ ಹೇಳಿ."

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಇದಕ್ಕೆ ಒಂದು ಮರುಪ್ರಶ್ನೆ ಕೇಳುತ್ತಿದ್ದರಂತೆ, ಅದನ್ನೇ ನಾನೂ ಕೇಳಿದೆ. "ಒಂದು ಹೊಲದ ವಿಸ್ತೀರ್ಣದಲ್ಲಿ ಉದ್ದದ ಪಾಲು ಎಷ್ಟು, ಅಗಲದ ಪಾಲು ಎಷ್ಟು ಹೇಳಿ ಯಜಮಾನರೇ?" ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಎರಡು ಹೊಲ ಇದ್ದು, ಅಗಲ ಎರಡಕ್ಕೂ ಒಂದೇ ಆಗಿದ್ದರೆ? ಆಗ ವ್ಯತ್ಯಾಸ ಪೂರ್ತಿ ಉದ್ದದ್ದೇ ಅಲ್ವಾ?" ಅಂದರು. ಬಹಳ ಸರಿಯಾದ ಮಾತು. ವಿಜ್ಞಾನಿಗಳು ಪರ್ಸೆಂಟ್ ಲೆಕ್ಕ ಹೇಳುವುದೂ ಹಾಗೇ. ಅದು ಹಲವು ಜನರ ನಡುವಿನ ವ್ಯತ್ಯಾಸದ ಲೆಕ್ಕ, ಒಬ್ಬ ಮನುಷ್ಯನನ್ನು ಸೀಳಿ ಪಾಲು ಮಾಡಿದ ಲೆಕ್ಕ ಅಲ್ಲ. ಎಲ್ಲರಿಗೂ ಒಂದೇ ಥರ ಊಟ, ಪಾಠ ಸಿಕ್ಕರೆ ಉಳಿಯುವ ವ್ಯತ್ಯಾಸದಲ್ಲಿ ಜೀನ್ ಪಾಲು ಹೆಚ್ಚು ಕಾಣುತ್ತದೆ. ಕೆಲವರಿಗೆ ಸಿಕ್ಕು ಕೆಲವರಿಗೆ ಸಿಗದಿದ್ದರೆ ಅದೇ ಪಾಲು ಕಡಿಮೆ ಕಾಣುತ್ತದೆ. ಜೀನ್ ಎರಡು ಕಡೆಯೂ ಅದೇ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಒಬ್ಬ ಹುಡುಗನದ್ದು. ಹತ್ತು ಹನ್ನೊಂದು ವರ್ಷ ಇರಬಹುದು. "ಬಾತು ಮರಿ ಮನುಷ್ಯನನ್ನೇ ಅಮ್ಮ ಅಂದುಕೊಂಡಿತು ಅಂದ್ರಿ. ಹಾಗಾದರೆ ಬೇರೆ ಹಕ್ಕಿ ಗೂಡಲ್ಲಿ ಬೆಳೆದದ್ದಕ್ಕೆ ತನ್ನ ಜಾತಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಇಡೀ ಸಂಜೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಅಮೆರಿಕದ ಕೌಬರ್ಡ್ ಎಂಬ ಹಕ್ಕಿಯ ವಿಷಯ ಹೇಳಿದೆ. ಅದೂ ಬೇರೆಯವರ ಗೂಡಿನಲ್ಲೇ ಮೊಟ್ಟೆ ಇಡುತ್ತದೆ. ಕೌಬರ್ಡ್‌ಗಳು ಚಟಪಟ ಅಂತ ಒಂದು ಥರದ ಸದ್ದು ಮಾಡುತ್ತವೆ. ಆ ಸದ್ದಿನ ಪರಿಚಯ ಮಾತ್ರ ಮರಿಗೆ ಹುಟ್ಟಿನಿಂದಲೇ ಇರುತ್ತದೆ, ಪಾಸ್‌ವರ್ಡ್ ಇದ್ದ ಹಾಗೆ. ಆ ಸದ್ದು ಮಾಡುವವರು ಎಲ್ಲಿದ್ದಾರೋ ಅಲ್ಲಿಗೆ ಸೇರಿ ಉಳಿದದ್ದನ್ನು ಕಲಿಯುತ್ತದೆ ಅನ್ನುವುದು ವಿಜ್ಞಾನಿಗಳ ವಿವರಣೆ.

"ಆ ಸದ್ದು ರೆಕಾರ್ಡ್ ಮಾಡಿ, ಅದನ್ನು ಯಾವತ್ತೂ ಕೇಳದ ಮರಿಗೆ ಹಾಕಿ ನೋಡಬಹುದಲ್ವಾ?" ಅಂದ.

2001ರಲ್ಲಿ ಮಾರ್ಕ್ ಹಾಬರ್ ಮತ್ತು ಜೊತೆಗಾರರು ಮಾಡಿದ್ದು ಅದನ್ನೇ. ಬೇರೆಯವರ ಗೂಡಿನಲ್ಲಿ ಕೂತಿದ್ದ, ಇನ್ನೂ ಹಾರಲು ಬಾರದ ಮರಿಗಳಿಗೆ ಹಲವು ಹಕ್ಕಿಗಳ ದನಿ ಕೇಳಿಸಿದರು. ಬೇರೆ ಹಕ್ಕಿಗಳ ದನಿಗಿಂತ ಆ ಚಟಪಟ ಸದ್ದಿಗೆ ಮರಿಗಳು ಜಾಸ್ತಿ ಕತ್ತು ಚಾಚಿ, ಬಾಯಿ ತೆರೆದು ಗುಟುಕು ಬೇಡಿದವು.